ನೀರಿಗಿಡುವ ಕಣ್ಣು

ಒಂದಾನೊಂದು ಕಾಲದಲ್ಲಿ, ಅಂದರೆ ನಿಮ್ಮಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಮೂಡದ ಕಾಲದಲ್ಲಿ, ಎತ್ತ ನೋಡಿದರೂ ಬಂಡೆಗಲ್ಲೇ ಇರುವ ಒಂದು ಸೀಮೆಯಲ್ಲಿ ಸಣ್ಣೀರಪ್ಪ ಅಂತ ಒಬ್ಬ ಚಿತ್ರಗಾರ ಇದ್ದನಂತೆ. ಕತೆ ನಿಮ್ಮಜ್ಜಿದೇ, ಚೆನ್ನಿ. ಆದರೆ ಅಜ್ಜಿ ಹೇಳುವಾಗ ಅರ್ಧಕ್ಕೇ ತೂಕಡಿಸುತ್ತಿದ್ದಳು, ಮಿಕ್ಕ ಅರ್ಧ ನಾನೇ ಹೇಳಿ ಅವಳನ್ನು ಮಲಗಿಸುತ್ತಿದ್ದೆ. ಸುತ್ತ ಏಳು ಹಳ್ಳಿಯಲ್ಲಿ ಈ ಮಾವನ ಹಾಗೆ ಕತೆ ಹೇಳುವವರು ಇನ್ನೊಬ್ಬರಿಲ್ಲ ಅಂತ ಜನ ಹೇಳುತ್ತಾರೆ. ಯಾವ ಜನ ಅಂತ ಕೇಳಬೇಡ, ಕೌದಿ ಎಳಕೋ. ಅಜ್ಜಿ ಹೋದಳು ಅಂತ ಅವಳ ಕತೆಯೂ ಹೋಗಬಾರದು.

ಈ ಸಣ್ಣೀರಪ್ಪ ದೇವರ ಚಿತ್ರ ಬರೆಯುತ್ತಿರಲಿಲ್ಲ, ರಾಜರ ಚಿತ್ರ ಬರೆಯುತ್ತಿರಲಿಲ್ಲ. ಬೆಟ್ಟ, ಹಳ್ಳ, ಹೊಲ, ಮರ, ಅಷ್ಟೇ. ಗೋಡೆ ಮೇಲೆ ಬೇವಿನ ಮರ ಬರೆದರೆ ಅದರ ಕೆಳಗೆ ಕೂತವರ ಬೆವರು ಆರುತ್ತಿತ್ತಂತೆ, ಹಳ್ಳ ಬರೆದರೆ ಆ ಮನೆಯವರು ಪಂಚೆ ಮೇಲೆತ್ತಿಕೊಂಡು ಓಡಾಡುತ್ತಿದ್ದರಂತೆ. ನಾನೇ ಒಂದು ಸಲ ಅವನು ಬರೆದ ಮಾವಿನ ಮರಕ್ಕೆ ಕಲ್ಲು ಹೊಡೆದು ಕಾಯಿ ಕೆಡವಿ ತಿಂದಿದ್ದೇನೆ. ಅದು ನಾನು ಹುಟ್ಟುವುದಕ್ಕೆ ಮುಂಚಿನ ಮಾತು, ಆದರೂ ಹುಳಿ ಇನ್ನೂ ನಾಲಿಗೆಯಲ್ಲಿದೆ.

ಚಿತ್ರಗಾರರ ಮನೆಯಲ್ಲಿ ಒಂದು ಪದ್ಧತಿ ಉಂಟು. ಗೊಂಬೆ ಮಾಡಿದರೆ ಕಡೆಗೆ ಕಣ್ಣು ಬರೆಯುತ್ತಾರೆ, ಕಣ್ಣು ಬಿದ್ದ ಮೇಲೇ ಗೊಂಬೆಗೆ ಜೀವ. ಬೆಟ್ಟಕ್ಕೆ, ಹೊಲಕ್ಕೆ ಕಣ್ಣೆಲ್ಲಿ? ಅದಕ್ಕೇ ಸಣ್ಣೀರಪ್ಪನ ವಂಶದವರು ಚಿತ್ರದಲ್ಲಿ ಒಂದು ಮೂಲೆಗಾದರೂ ನೀರು ಬರೆದು, ಎಲ್ಲ ಮುಗಿದ ಮೇಲೆ, ಅಳಿಲಿನ ಬಾಲದ ಕೂದಲಿನ ಕುಂಚದ ತುದಿಗೆ ಸುಟ್ಟ ಚಿಪ್ಪಿನ ಬಿಳುಪು ತಗೊಂಡು ಆ ನೀರಿನ ಮೇಲೆ ಒಂದೇ ಒಂದು ಚುಕ್ಕೆ ಇಡುತ್ತಿದ್ದರಂತೆ. ಅದಕ್ಕೆ ನೀರಿನ ಕಣ್ಣು ಅಂತ ಹೆಸರು. ಇಡುವ ಹಕ್ಕು ಮನೆಯ ಯಜಮಾನನದು. ಚುಕ್ಕೆ ಬಿತ್ತೋ, ಚಿತ್ರದೊಳಗೆ ಗಾಳಿ ಬೀಸುತ್ತಿತ್ತು, ಎಲೆ ಅಲ್ಲಾಡುತ್ತಿತ್ತು. ಇನ್ನೊಂದು ಪದ್ಧತಿಯೂ ಇತ್ತು. ಗಂಡಸರು ಬರೆಯಬೇಕು, ಹೆಂಗಸರು ಬಣ್ಣ ಅರೆಯಬೇಕು. ಹೆಂಗಸರು ಕುಂಚ ಮುಟ್ಟಿದರೆ ಬಣ್ಣಗಳು ಮುನಿಸಿಕೊಂಡು ಗೋಡೆ ಬಿಟ್ಟು ಉದುರುತ್ತವೆ ಅನ್ನುತ್ತಿದ್ದರಂತೆ. ಉದುರಿದ್ದನ್ನು ಕಂಡವರು ಯಾರೂ ಇರಲಿಲ್ಲ, ಯಾಕೆಂದರೆ ಮುಟ್ಟಿದವರೇ ಇರಲಿಲ್ಲ.

ಸಣ್ಣೀರಪ್ಪನ ಹೆಂಡತಿ ದುರುಗವ್ವ. ಮದುವೆಯಾಗಿ ಬಂದ ಮಾರನೆ ದಿನ ಅರೆಯುವ ಕಲ್ಲಿನ ಮುಂದೆ ಕೂತವಳು ನಲವತ್ತು ವರ್ಷ ಅಲ್ಲಿಂದ ಏಳಲಿಲ್ಲ ಅಂತ ಕತೆ. ನೀಲಿ ಅರೆದಳು, ಕೆಂಪು ಜಾಜು ಅರೆದಳು, ಹಳದಿ ಕಲ್ಲು ಅರೆದಳು, ಹುಣಸೆಬೀಜ ನೆನೆಸಿ ರುಬ್ಬಿ ಅಂಟು ಕಾಯಿಸಿದಳು, ನಡುವೆ ಪುರುಸೊತ್ತು ಮಾಡಿಕೊಂಡು ಮೂರು ಗಂಡುಮಕ್ಕಳನ್ನೂ ಹೆತ್ತಳು. ಆಮೇಲೆ ಆ ಮಕ್ಕಳೂ ಅಪ್ಪನ ಪಕ್ಕ ಕೂತು ಕುಂಚ ಹಿಡಿದರು, ಇವಳು ಅರೆಯುವ ಬಣ್ಣ ಇನ್ನಷ್ಟು ಹೆಚ್ಚಾಯಿತು.

ಅವಳ ತವರು ಬೆಳ್ಳಕ್ಕಿಹಾಳ, ಮದುವೆ ಮಾತ್ರ ಗಂಡಿನ ಊರಲ್ಲೇ ಆಗಿತ್ತು. ಅವಳು ಗಂಡನ ಮನೆಗೆ ಬಂದ ವರ್ಷವೇ ಆ ಸೀಮೆಯ ರಾಜ ಹಳ್ಳಕ್ಕೆ ಅಡ್ಡವಾಗಿ ದೊಡ್ಡ ಏರಿ ಕಟ್ಟಿಸಿದ, ಕೆರೆ ತುಂಬಿತು, ಬೆಳ್ಳಕ್ಕಿಹಾಳ ನೀರಿನಡಿಗೆ ಹೋಯಿತು. ಕೆರೆ ಕೆಳಗಿನ ಊರುಗಳಿಗೆ ಭತ್ತ ಬಂತು, ಅದು ನಿಜ. ಆ ಅನ್ನ ಉಂಡವರು ಕೆಟ್ಟವರೂ ಅಲ್ಲ. ಆದರೆ ಬೆಳ್ಳಕ್ಕಿಹಾಳದವರು ಗಂಟುಮೂಟೆ ಕಟ್ಟಿಕೊಂಡು ಮೂರು ಗುಂಪಾಗಿ ಮೂರು ದಿಕ್ಕಿಗೆ ಹೋದರಂತೆ, ದುರುಗವ್ವನ ಅವ್ವ ಯಾವ ಗುಂಪಿನ ಜೊತೆ ಹೋದಳು ಅಂತ ಹೇಳುವವರೂ ಸಿಗಲಿಲ್ಲವಂತೆ.

ದುರುಗವ್ವ ಅಳಲಿಲ್ವಾ ಮಾವ ಅಂತೀಯ. ನಾನೂ ಕೇಳಿದ್ದೆ. ಅರೆಯುವಾಗ ನೀರು ಹೆಚ್ಚಾದರೆ ಬಣ್ಣ ತೆಳ್ಳಗಾಗುತ್ತದೆ, ಅದಕ್ಕೇ ಅಳಲಿಲ್ಲ ಅಂತ ನಿಮ್ಮಜ್ಜಿ ಹೇಳಿದಳು.

ಆಮೇಲೆ ಒಂದು ದಿನ ದುರುಗವ್ವ ನೀಲಿ ಅರೆಯುತ್ತಾ ಕೂತಿದ್ದಳಂತೆ. ಎಷ್ಟು ಅರೆದರೂ ಕಲ್ಲಿನ ಮೇಲೆ ಬೂದಿ ಕಂಡಿತೇ ಹೊರತು ನೀಲಿ ಕಾಣಲಿಲ್ಲ. ತಲೆಯೆತ್ತಿದರೆ ಆಕಾಶವೂ ಬೂದಿ. ಬಣ್ಣ ಮಾರಿದವನು ಮೋಸ ಮಾಡಿದ ಅಂತ ಬೈದಳಂತೆ. ಗಂಡ ಬಂದು ನೋಡಿ, ಏ ಹುಚ್ಚಿ, ನವಿಲಿನ ಕುತ್ತಿಗೆ ಹಾಗೆ ಹೊಳೀತೈತಲ್ಲ ಅಂದನಂತೆ. ವೈದ್ಯ ಬಂದ, ರೆಪ್ಪೆ ಬಿಡಿಸಿ ನೋಡಿದ, ಬಣ್ಣಗಳು ಒಂದೊಂದಾಗಿ ಈ ಕಣ್ಣು ಬಿಟ್ಟು ಹೋಗುತ್ತವೆ ಅಂದ. ನೀಲಿ ಹೋಗಿದೆ, ಬರುವ ವರ್ಷ ಹಸಿರು, ಅದರಾಚೆ ವರ್ಷ ಕೆಂಪು, ಕಡೆಗೆ ಬೆಳಕು. ಮದ್ದಿಲ್ಲ ಅಂತ ಹೇಳಿ, ಒಂದು ಲೋಟ ಮಜ್ಜಿಗೆ ಕುಡಿದು ಹೋದನಂತೆ.

ಆವತ್ತು ಗಂಡ ಮಕ್ಕಳು ಉಣ್ಣಲು ಕೂತಾಗ ದುರುಗವ್ವ ರೊಟ್ಟಿ ಬಡಿಸುತ್ತಾ ಬಡಿಸುತ್ತಾ ಅಂದಳಂತೆ:

"ನಂದೊಂದು ಆಸೆ ಐತಿ. ಕಣ್ಣು ಪೂರಾ ಹೋಗೂದ್ರಾಗ ನನ್ನ ತವರು ಒಂದ್ಸಲ ನೋಡಬೇಕು."

ನಲವತ್ತು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಮನೆ ತುಂಬ ಚಿತ್ರಗಾರರು, ಇದೇನು ಮಹಾ ಅಂದುಕೊಂಡರಂತೆ. ದೊಡ್ಡ ಮಗ ಹುಲುಗಪ್ಪ ಬಾಯಲ್ಲಿ ತುತ್ತು ಇಟ್ಟುಕೊಂಡೇ, ನಾ ಬರೀತೀನಿ ಬಿಡವ್ವ ಅಂದ.

ಹುಲುಗಪ್ಪ ಬಣ್ಣದಲ್ಲಿ ಶೂರ. ಅವನು ಕೆಂಪು ಹಚ್ಚಿದರೆ ಹೋರಿಗಳು ಗೋಡೆ ಗುದ್ದಲು ಬರುತ್ತಿದ್ದವಂತೆ. ಅವನು ಮನೆಯ ಮೂಡಣ ಗೋಡೆ ಹಿಡಿದು, ಅವ್ವನ ತವರಿಗೆ ಕಡಿಮೆ ಆಗಬಾರದು ಅಂತ, ಗಿಳಿ ಹಸಿರಿನ ತೋಟ ಬರೆದ, ತಾವರೆ ಕೊಳ ಬರೆದ, ಇಂಗಳೀಕದ ಕೆಂಪಿನಲ್ಲಿ ಉಪ್ಪರಿಗೆ ಮನೆಗಳನ್ನು ಬರೆದ, ನವಿಲುಗಳನ್ನು ಬೇಲಿ ಹಾಕಿದ ಹಾಗೆ ಸಾಲಾಗಿ ನಿಲ್ಲಿಸಿದ. ಅವ್ವ ಎಲ್ಲ ಬಣ್ಣ ಅರೆದುಕೊಟ್ಟಳು. ವರ್ಷ ಕಳೆಯಿತು. ಸಣ್ಣೀರಪ್ಪ ಕೊಳದ ನೀರಿಗೆ ಕಣ್ಣು ಇಟ್ಟ, ತಾವರೆ ತೊನೆಯಿತು. ಆಮೇಲೆ ದುರುಗವ್ವನನ್ನು ಕರೆತಂದು ನಿಲ್ಲಿಸಿದರು. ಅವಳು ಈ ಕಡೆಯಿಂದ ಆ ಕಡೆಯವರೆಗೆ ನಡೆದು ನೋಡಿದಳಂತೆ.

"ಚೆಂದೈತಪ್ಪ," ಅಂದಳಂತೆ. "ಇದು ಯಾವೂರು?"

ಅಷ್ಟು ಹೊತ್ತಿಗೆ ಅವಳ ಕಣ್ಣಿಂದ ಹಸಿರೂ ಹೋಗಿತ್ತು.

ಆಮೇಲೆ ನಡುವಿನ ಮಗ ಗಾದಿಲಿಂಗ ಎದ್ದ. ಅವನು ಕುಂಚದಲ್ಲಿ ಶೂರ. ಒಂದೇ ಕೂದಲಿನ ಕುಂಚ ಕಟ್ಟಿಕೊಂಡು ಜೋಳದ ಕಾಳಿನ ಮೇಲೆ ಜೋಳದ ಹೊಲ ಬರೆಯುವವನು. ಅವನು ಅಣ್ಣನ ಹಾಗೆ ಊಹೆಯಿಂದ ಬರೆಯಲಿಲ್ಲ, ಅವ್ವನ ಮುಂದೆ ಕೂತು ಕೇಳಿದ. ಮನೆ ಎಷ್ಟು? ನಲವತ್ತೆರಡು. ಬಾವಿ ಎಷ್ಟು? ಒಂದು. ಮರ? ಊರ ಮುಂದೆ ಬಸರಿ ಮರ, ಅದರ ತುಂಬ ಬೆಳ್ಳಕ್ಕಿ. ಎಲ್ಲ ಬರೆದುಕೊಂಡು ಪಡುವಣ ಗೋಡೆ ಮೇಲೆ ನಲವತ್ತೆರಡು ಮನೆ ನಿಲ್ಲಿಸಿದ. ಬಸರಿ ಮರಕ್ಕೆ ಎಲೆ ಎಲೆಗೂ ನರ ಬರೆದ, ನರಕ್ಕೆ ಮರಿನರ ಬರೆದ. ಒಂದು ಇರುವೆ ಆ ಮರ ಹತ್ತಿ ಹೋದದ್ದು ಇಳಿಯಲು ದಾರಿ ತಿಳಿಯದೆ ಅಲ್ಲೇ ಸಂಸಾರ ಹೂಡಿತು ಅಂತಾರೆ. ಅದರ ಮೊಮ್ಮಕ್ಕಳು ನನಗೆ ಪರಿಚಯ. ಇನ್ನೊಂದು ವರ್ಷ ಹೋಯಿತು. ಅಪ್ಪ ಬಾವಿ ನೀರಿಗೆ ಕಣ್ಣಿಟ್ಟ, ನೀರು ಮಿನುಗಿತು. ದುರುಗವ್ವ ಬಂದು ಹತ್ತಿರ ನಿಂತು, ತುಂಬ ಹೊತ್ತು ನೋಡಿದಳಂತೆ.

"ಎಲ್ಲಾ ಐತಪ್ಪ. ಆದ್ರ ಈ ಊರಾಗ ಯಾರೂ ಒಲಿ ಹಚ್ಚಿಲ್ಲ."

ಗಾದಿಲಿಂಗ ಕುಂಚ ಕೆಳಗಿಟ್ಟ. ಅವ್ವ ಆ ಗೋಡೆಯ ಕಡೆ ಮತ್ತೆ ಹೋಗಲಿಲ್ಲ. ಕೆಂಪು ಬಿಟ್ಟು ಹೋಯಿತು, ಆಮೇಲೆ ಒಂದು ಬೆಳಿಗ್ಗೆ ಎದ್ದು, ಇನ್ನೂ ಯಾಕೆ ಹೊತ್ತು ಮೂಡಿಲ್ಲ ಅಂತ ಕೇಳಿದಳಂತೆ. ಅಂಗಳದಲ್ಲಿ ಮಾರುದ್ದ ಬಿಸಿಲು ಬಿದ್ದಿತ್ತು. ಅದು ಪಾದಕ್ಕೆ ಬೆಚ್ಚಗೆ ತಾಗಿತು. ಅವಳಿಗೇ ತಿಳಿಯಿತು. ಕೈಯಾಡಿಸಿಕೊಂಡು ಹೋಗಿ ಅರೆಯುವ ಕಲ್ಲಿನ ಮುಂದೆ ಕೂತಳಂತೆ.

ಇಲ್ಲಿ ನಿಮ್ಮಜ್ಜಿ ನಿಲ್ಲಿಸಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಅವಳಿಗೂ ಮುಂದಕ್ಕೆ ಹೇಳಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು ಅಂತ ಈಗ ತಿಳಿಯುತ್ತದೆ. ನನಗೇನೂ ಹಾಗಿಲ್ಲ, ನಾನು ಗಟ್ಟಿ. ಒಂದು ಗುಟುಕು ನೀರು ಕುಡಿಯುತ್ತೇನೆ, ಅಷ್ಟೇ.

ಕಿರಿ ಮಗ ಯಂಕೋಬಿ. ಮೀಸೆ ಬಂದಿದ್ದರೂ ಅವನಿಗೆ ಮನೆಯಲ್ಲಿ ಚಿತ್ರ ಬರೆಯಲು ಬಿಟ್ಟಿರಲಿಲ್ಲ. ಅವನು ಎಮ್ಮೆ ಬರೆದರೆ ಜನ ಮೊರವೇ ಅಂತ ಕೇಳುತ್ತಿದ್ದರಂತೆ. ಅವನ ಕೆಲಸ ಗೋಡೆಗೆ ಸುಣ್ಣ ಬಳಿದು, ಹೊಳೆಗಲ್ಲಿನಿಂದ ತಿಕ್ಕಿ, ಅಪ್ಪ ಅಣ್ಣಂದಿರಿಗೆ ಹದ ಮಾಡಿಕೊಡುವುದು. ಅವನು ಮನೆ ಹಿಂದಿನ ದೊಡ್ಡ ಬಂಡೆಗೆ ಹೋದ. ಆ ಬಂಡೆಯ ನೆತ್ತಿ ಕೊಡೆಯ ಹಾಗೆ ಮುಂದಕ್ಕೆ ಚಾಚಿತ್ತು, ಅದರಡಿಗೆ ಮಳೆ ಬೀಳುತ್ತಿರಲಿಲ್ಲ. ಏಳು ಸಲ ಸುಣ್ಣ ಬಳಿದು, ಏಳು ಸಲ ತಿಕ್ಕಿ, ಅವ್ವನ ಕೈ ಹಿಡಿದು ಕರೆತಂದು ಅದರ ಮುಂದೆ ಕೂರಿಸಿದ.

ಎಲ್ಲಿಂದ ಶುರು ಮಾಡ್ಲಿ ಅಂದ. ಬಸರಿ ಮರದಿಂದ ಅಂದಳು. ಅವನು ಒಂದು ಗೆರೆ ಎಳೆದ. ಹೆಂಗ ಎಳದಿ? ನೆಟ್ಟಗ. ನೆಟ್ಟಗಲ್ಲೋ, ಗಾಳಿಗೆ ಮೂಡಲಕ್ಕ ವಾಲೈತಿ. ಅಳಿಸಿದ, ವಾಲಿಸಿದ. ಎಷ್ಟು ವಾಲಿಸಿದಿ? ಹಿಂಗ ಅಂತ ಅವಳ ಅಂಗೈ ಮೇಲೆ ಬೆರಳಿನಿಂದ ಎಳೆದು ತೋರಿಸಿದ. ಅಷ್ಟಲ್ಲ, ಅದು ಬಿದ್ದೇ ಹೋಗ್ತೈತಿ. ಮತ್ತೆ ಅಳಿಸಿದ. ಐದು ಸಲ ಆಯಿತು. ಆರನೇ ಸಲ ಅವಳಿಗೆ ಸಿಟ್ಟು ಬಂದು, ಎದ್ದು ಬಂದು, ಅವನ ಮಣಿಕಟ್ಟು ಹಿಡಿದು, ಹಿಂಗೋ, ಹಿಂಗ ಅಂತ ಎಳೆದಳಂತೆ.

ಯಂಕೋಬಿ ಗೆರೆ ನೋಡಲಿಲ್ಲ, ತನ್ನ ಮಣಿಕಟ್ಟು ಹಿಡಿದ ಕೈ ನೋಡಿದ. ಮನೆಯಲ್ಲಿ ನಾಲ್ಕು ಗಂಡಸರು, ನಾಲ್ವರಲ್ಲಿ ಒಬ್ಬರೂ ಬೆಳ್ಳಕ್ಕಿಹಾಳ ಕಂಡವರಲ್ಲ. ಕಂಡವಳನ್ನು ಬಣ್ಣ ಅರೆಯಲು ಕೂರಿಸಿ, ಕಾಣದವರು ಎರಡು ವರ್ಷ ಬರೆದಿದ್ದರು. ಆ ಎರಡು ವರ್ಷ ಅವಳಿಗೆ ಇನ್ನೂ ಕಣ್ಣಿತ್ತು. ಇದು ಹೊಳೆದ ಕೂಡಲೇ ಅವನು ಕುಂಚವನ್ನು ಅವಳ ಕೈಗಿಟ್ಟು ಹಿಂದೆ ಸರಿದನಂತೆ.

ಸಣ್ಣೀರಪ್ಪ ಓಡಿ ಬಂದ. ಅವನು ಕೆಟ್ಟವನಲ್ಲ, ಅವನಪ್ಪ ಹೇಳಿದ್ದನ್ನು ಅವನು ಹೇಳಿದ. ಹೆಣ್ಣು ಕುಂಚ ಮುಟ್ಟಿದರೆ ಬಣ್ಣ ಮುನೀತಾವ ಅಂದ.

"ನಲವತ್ತು ವರ್ಷ ಅರೀವಾಗ ಮುನೀಲಿಲ್ಲಪ್ಪ," ಅಂದನಂತೆ ಯಂಕೋಬಿ. "ಬರೀವಾಗ ಯಾಕ ಮುನೀತಾವ?"

ಅಪ್ಪ ಬಂಡೆಗೆ ಬೆನ್ನು ಮಾಡಿ ಒಂದು ಕಲ್ಲಿನ ಮೇಲೆ ಕೂತುಬಿಟ್ಟ. ಹುಲುಗಪ್ಪನೂ ಗಾದಿಲಿಂಗನೂ ಬಂದು ಮೊದಲು ನಿಂತು ನೋಡಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ಹೋಗಿ ಅರೆಯುವ ಕಲ್ಲು ಹೊತ್ತು ತಂದು ಬಣ್ಣ ಅರೆಯಲು ಕೂತರಂತೆ. ಹುಲುಗಪ್ಪ ಅರೆದದ್ದನ್ನು ಅವ್ವ ಬೆರಳಲ್ಲಿ ತಿಕ್ಕಿ ನೋಡಿ, ಇದು ತರಿ ಐತಿ, ಇನ್ನಷ್ಟು ಅರಿ, ನಿನ್ನ ಮದುವಿ ಮಾಡಿದ್ದ ದಂಡ ಅಂದಳಂತೆ. ಸಂಜೆಗೆ ಅವನ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ಅವ್ವನ ಅಂಗೈ ಹೇಗಿತ್ತು ಅಂತ ಅವನು ಆವತ್ತು ಮೊದಲ ಸಲ ಮುಟ್ಟಿ ನೋಡಿದನಂತೆ.

ಕಣ್ಣಿಲ್ಲದವಳು ಬಣ್ಣ ಹೇಗೆ ಗುರುತು ಹಿಡಿದಳು ಅಂತ ಕೇಳು. ನಲವತ್ತು ವರ್ಷ ಅರೆದವಳಿಗೆ ಕಣ್ಣು ಯಾಕೆ? ನೀಲಿ ಬೆರಳಿಗೆ ತಣ್ಣಗೆ ಜಾರುತ್ತದೆ. ಹಳದಿ ಕಲ್ಲಿನ ಪುಡಿ ಪದರು ಪದರಾಗಿ ಮಿರುಗುಟ್ಟುತ್ತದೆ, ಅದು ಬೆರಳಿಗೂ ಗೊತ್ತಾಗುತ್ತದೆ. ಇಂಗಳೀಕ ಭಾರ, ಚಿಟಿಕೆಯಷ್ಟಿದ್ದರೂ ಅಂಗೈ ತಗ್ಗುತ್ತದೆ. ಜಾಜು ಅಂದರೆ ರಾಗಿ ಹಿಟ್ಟು ಮುಟ್ಟಿದ ಹಾಗೆ. ದೀಪದ ಮಸಿಗೆ ತೂಕವೇ ಇಲ್ಲ. ಅವಳು ಬಟ್ಟಲು ಮುಟ್ಟಿ ಮುಟ್ಟಿ ತಗೊಂಡಳು, ಬಂಡೆಯ ಮೇಲೆ ಗೇಣು ಹಾಕಿ ಹಾಕಿ ಜಾಗ ಹುಡುಕಿದಳು. ಮರದಿಂದ ಬಾವಿಗೆ ಎರಡು ಗೇಣು, ಬಾವಿಯಿಂದ ತನ್ನ ತವರುಮನೆಗೆ ಒಂದು ಗೇಣು ನಾಲ್ಕು ಬೆರಳು.

ಹಸಿರು ಕೊಡಲಾ ಅಂದ ಹುಲುಗಪ್ಪ. ಬೇಡ, ಬೇಸಿಗೆಯಲ್ಲಿ ನಮ್ಮೂರು ಹಸಿರಿರಲಿಲ್ಲ ಅಂದಳಂತೆ. ಜಾಜಿಗೆ ಒಂದಿಷ್ಟು ಹಳದಿ ಬೆರೆಸಿ, ತೇವ ಹಿಂಡಿದ ಕೇದಗೆ ಬೇರಿನ ಕುಂಚದಿಂದ ಬಂಡೆ ಮೇಲೆ ಹಗುರವಾಗಿ ಎಳೆದಳು, ಕೊಯ್ದ ಹೊಲದ ಕೂಳೆ ಆಯಿತು, ಅದರ ಮೇಲೆ ಧೂಳು ಎದ್ದಿತು. ಹೆಬ್ಬೆರಳಿನಿಂದ ಗುಡ್ಡ ಒತ್ತಿದಳು. ನೀಲಿಯನ್ನು ನೀರಿನಲ್ಲಿ ಎಷ್ಟು ತೆಳುಮಾಡಿದಳೆಂದರೆ ಅದು ಬಣ್ಣವೋ ನೆರಳೋ ತಿಳಿಯಲಿಲ್ಲ, ಅದನ್ನು ಮನೆಗಳ ಪಡುವಣ ಗೋಡೆಗೆ ಹಚ್ಚಿದಳು, ಊರಿಗೆ ಬೆಳಗಿನ ಹೊತ್ತು ಬಂತು. ಗೆರೆ ಅಲ್ಲಲ್ಲಿ ನಡುಗಿತ್ತು. ಆ ನಡುಗಿದ ಕಡೆಯೇ ಎಲೆ ಅಲ್ಲಾಡಿದ ಹಾಗೆ ಕಾಣುತ್ತಿತ್ತು ಅಂತ ಗಾದಿಲಿಂಗ ಸಾಯುವ ತನಕ ಹೇಳುತ್ತಿದ್ದನಂತೆ. ಕಡೆಗೆ ತನ್ನ ಮನೆ ಬಾಗಿಲಲ್ಲಿ ಒಬ್ಬ ಹೆಂಗಸನ್ನು ನಿಲ್ಲಿಸಿದಳು, ಬೆರಳುದ್ದ, ಸೊಂಟದ ಮೇಲೆ ಕೊಡ.

ಮೂರು ದಿನ ಆಯಿತು. ಮೂರು ದಿನವೂ ಸಣ್ಣೀರಪ್ಪ ಬೆನ್ನು ತಿರುಗಿಸಿಯೇ ಕೂತಿದ್ದ, ಊಟಕ್ಕೂ ಏಳಲಿಲ್ಲ. ಮೂರನೇ ದಿನ ಮಧ್ಯಾಹ್ನ ಕುಂಚದ ಸದ್ದು ನಿಂತಿತು. ಮುಗೀತು, ಕಣ್ಣಿಡೋರು ಬರಬೇಕು ಅಂದಳಂತೆ ದುರುಗವ್ವ.

ಅವನು ತಿರುಗಿದ. ಎದ್ದ. ತನ್ನ ಜೀವಮಾನದಲ್ಲಿ ತಾನು ಬರೆದದ್ದೆಲ್ಲ ಒಮ್ಮೆ ಕಣ್ಣ ಮುಂದೆ ಬಂದು ಹೋಯಿತೇನೋ. ಆಮೇಲೆ ಅಳಿಲುಕೂದಲಿನ ಕುಂಚಕ್ಕೆ ಬಿಳುಪು ತಗೊಂಡು, ಎಂದೂ ಹೆಂಡತಿಯನ್ನು ಏನೂ ಕೇಳದವನು ಕೇಳಿದ, ಎಲ್ಲಿಡಲಿ, ಹಳ್ಳಕ್ಕೋ ಬಾವಿಗೋ?

"ನೀರಿಗೆ ಕಣ್ಣು ಬ್ಯಾಡ," ಅಂದಳು ದುರುಗವ್ವ. "ನೀರು ಒಂದ್ಸಲ ನಮ್ಮೂರು ನೋಡಿದ್ದು ಸಾಕು."

ಮತ್ತೆಲ್ಲಿ ಅಂತ ಕೇಳುವಾಗ ಅವನ ದನಿ ಸಣ್ಣದಾಗಿತ್ತು. ಅವಳು ಹೇಳಿದಳು: ಬಾಗಿಲಾಗ ನಿಂತಾಕಿ ನಮ್ಮವ್ವ. ಅವಳ ಸೊಂಟದ ಮ್ಯಾಲೆ ಹಿತ್ತಾಳಿ ಕೊಡ. ನಾ ಸಣ್ಣಾಕಿ ಇದ್ದಾಗ ಬಾವಿ ಕಟ್ಟಿ ಮ್ಯಾಲೆ ಅದನ್ನ ಕೆಡವಿದ್ದೆ, ಕುತ್ತಿಗಿ ಹತ್ರ ತಗ್ಗು ಬಿತ್ತು, ಬೈಸಿಕೊಂಡೆ. ದಿನಾ ಮುಂಜಾನೆ ಬಿಸಿಲು ಆ ತಗ್ಗಿಗೇ ಬಡೀತಿತ್ತು. ಅಲ್ಲಿಡು.

ಸಣ್ಣೀರಪ್ಪ ಕುಂಚ ಎತ್ತಿದವನು ಇಳಿಸಿದ. "ಇದು ನಾ ಇಡೋದಲ್ಲ," ಅಂತ ಅದನ್ನು ಅವಳ ಕೈಗೆ ಕೊಟ್ಟ. ಅವಳು ಮರದಿಂದ ಎರಡು ಗೇಣು, ಬಾವಿಯಿಂದ ಒಂದು ಗೇಣು ನಾಲ್ಕು ಬೆರಳು ಅಳೆದು, ಉಸಿರು ಹಿಡಿದು, ಒಂದು ಚುಕ್ಕೆ ಇಟ್ಟಳಂತೆ.

ಆಮೇಲೆ ಬಂಡೆಯ ಮೇಲಿನ ಒಂದು ಮನೆಯಿಂದ ಹೊಗೆ ಎದ್ದಿತು. ಇನ್ನೊಂದರಿಂದ ಎದ್ದಿತು. ನಲವತ್ತೆರಡು ಒಲೆ ಹತ್ತಿದವು. ಜಾಲಿ ಕಟ್ಟಿಗೆಯ ಹೊಗೆ, ಸುಡುವ ಜೋಳದ ರೊಟ್ಟಿಯ ವಾಸನೆ ಬಂಡೆಯಿಂದ ಇಳಿದು, ಗುಡ್ಡ ಹತ್ತಿ, ಮೂರು ದಿಕ್ಕಿಗೂ ಹೋಯಿತಂತೆ. ದೂರದೂರದ ಊರುಗಳಲ್ಲಿ ಕೂಲಿನಾಲಿ ಮಾಡಿಕೊಂಡು, ಪರವೂರವರು ಅನ್ನಿಸಿಕೊಂಡು ಬದುಕಿದ್ದ ಮುದುಕ ಮುದುಕಿಯರು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಂತರಂತೆ. ಇದು ನಮ್ಮ ಕೇರಿಯ ಹೊಗೆ ಅಂತ ಮಕ್ಕಳು ಮೊಮ್ಮಕ್ಕಳನ್ನು ಕಟ್ಟಿಕೊಂಡು ವಾಸನೆ ಹಿಡಿದು ನಡೆದರಂತೆ.

ಬಂದವರು ಬಂಡೆಯ ಮುಂದೆ ನಿಂತು ತಮ್ಮ ತಮ್ಮ ಬಾಗಿಲು ಹುಡುಕಿದರು. ಇದು ನಂದು, ನಮ್ಮ ಕರುವಿನ ಗೂಟ ಬಿಟ್ಟೀಯಲ್ಲೇ ಅಂತ ಒಬ್ಬಳು ಜಗಳಕ್ಕೆ ನಿಂತಳು. ದುರುಗವ್ವ ಗೇಣು ಹಾಕಿ ಗೂಟ ಬರೆದಳು. ಹಿಂದಿನಿಂದ ಯಾರೋ, ಏ ದುರ್ಗಿ ಅಂತ ಕರೆದರಂತೆ. ಅವಳನ್ನು ದುರ್ಗಿ ಅಂತ ಕರೆದು ನಲವತ್ತೆರಡು ವರ್ಷ ಆಗಿತ್ತು. ಕರೆದವನು ಕುರುಬರ ನಿಂಗಜ್ಜ, ಪಕ್ಕದ ಮನೆಯವನು. ನಿಮ್ಮವ್ವ ನಮ್ಮ ಗುಂಪಿನಾಗೇ ಬಂದ್ಲವ್ವ ಅಂದ. ಮೂರು ದಿನ ನಡೆದಳು. ನಾಲ್ಕನೇ ದಿನ ಒಂದು ಹುಣಸೆ ಮರದ ಕೆಳಗೆ ಕೂತವಳು ಮೇಲೇಳಲಿಲ್ಲ. ಅಲ್ಲೇ ಮಣ್ಣು ಮಾಡಿದ್ವಿ.

ದುರುಗವ್ವ ಕೊಡ ಏನಾಯ್ತು ಅಂತ ಕೇಳಿದಳಂತೆ. ನಿಂಗಜ್ಜ ದಾರಿಯ ನೀರಿಗೆ ಅಂತ ಹೊತ್ತು ತಂದ ಕೊಡವನ್ನು ಹೆಗಲಿಂದ ಇಳಿಸಿ ಅವಳ ಮುಂದಿಟ್ಟ. ನಮ್ಮ ಮನೆಯ ಮೂರು ಸೊಸೆಯರು ಇದರಾಗೇ ನೀರು ಹೊತ್ತಾರವ್ವ ಅಂದ. ಅವಳು ಕೈಯಾಡಿಸಿದಳು. ಕುತ್ತಿಗೆ ಹತ್ತಿರ ಬೆರಳು ನಿಂತಿತು. ಆ ತಗ್ಗಿನೊಳಗೆ ಬೆರಳಿಟ್ಟುಕೊಂಡು ಆವತ್ತು ಅತ್ತಳಂತೆ. ಬಣ್ಣ ಎಲ್ಲ ಮುಗಿದಿತ್ತಲ್ಲ, ತೆಳ್ಳಗಾಗುವ ಹೆದರಿಕೆ ಇರಲಿಲ್ಲ.

ಬಂದವರು ಹಿಂತಿರುಗಿ ಹೋಗಲಿಲ್ಲ. ಬಂಡೆ ನೋಡಿ ನೋಡಿ, ಮರದಿಂದ ಬಾವಿಗೆ ಇಷ್ಟು, ಬಾವಿಯಿಂದ ಮನೆಗೆ ಇಷ್ಟು ಅಂತ ಗೇಣಿಗೆ ನೂರು ಹೆಜ್ಜೆ ಲೆಕ್ಕದಲ್ಲಿ ಅಳೆದು ಅಲ್ಲೇ ಊರು ಕಟ್ಟಿದರಂತೆ. ಬಸರಿ ಕೊಂಬೆ ನೆಟ್ಟರು, ಅದು ಮೂಡಲಕ್ಕೇ ವಾಲಿತು, ಬೆಳ್ಳಕ್ಕಿಗಳೂ ಬಂದವು. ಅದರಲ್ಲಿ ಒಂದು ನನ್ನ ತಲೆ ಮೇಲೆ ಗಲೀಜು ಮಾಡಿದೆ, ಸಾಕ್ಷಿ ಬೇಕಾದರೆ ಆ ರುಮಾಲು ತೋರಿಸುತ್ತೇನೆ. ಆಮೇಲೆ ಸಣ್ಣೀರಪ್ಪನ ಮನೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳೂ ಕುಂಚ ಹಿಡಿದರು, ಗಂಡುಮಕ್ಕಳೂ ಬಣ್ಣ ಅರೆದರು, ಒಂದು ಬಣ್ಣವೂ ಉದುರಲಿಲ್ಲ.

ಅವಳಿಗೆ ಕಣ್ಣು ಬಂತಾ ಅಂತೀಯ. ಇಲ್ಲ, ಚೆನ್ನಿ. ನಾನು ಎಷ್ಟೋ ಸಲ ಇಲ್ಲಿ ಒಬ್ಬ ಮಂತ್ರವಾದಿಯನ್ನು ಸೇರಿಸಲು ನೋಡಿದೆ, ನಿಮ್ಮಜ್ಜಿ ಬಿಡಲಿಲ್ಲ. ಕಣ್ಣು ಬರಲಿಲ್ಲ. ಆದರೆ ದಿನಾ ಮುಂಜಾನೆ ಬಾಗಿಲಲ್ಲಿ ಕೂರುತ್ತಿದ್ದಳಂತೆ, ರೊಟ್ಟಿ ಬಡಿಯುವ ಸದ್ದು, ಬಾವಿ ಗಾಲಿಯ ಸದ್ದು, ದುರ್ಗಿ ಅಂತ ಕರೆಯುವ ಸದ್ದು, ಎಲ್ಲ ಹಿಂದಿನ ಜಾಗದಿಂದಲೇ ಕೇಳುತ್ತಿತ್ತು. ತವರು ಕಂಡೆಯಾ ಅಂತ ಸಣ್ಣೀರಪ್ಪ ಕೇಳಿದರೆ, ಕಾಣ್ತೈತಿ ಅನ್ನುತ್ತಿದ್ದಳಂತೆ.

ಆ ಕೊಡ ಎಲ್ಲಿದೆ ಗೊತ್ತಾ? ನಮ್ಮ ಅಡುಗೆಮನೆಯಲ್ಲಿ. ನಿಮ್ಮಜ್ಜಿ ದಿನಾ ನೀರು ತುಂಬಿಡುತ್ತಿದ್ದಳಲ್ಲ, ಅದೇ. ಬೆಳಿಗ್ಗೆ ಎದ್ದು ಕುತ್ತಿಗೆ ಹತ್ತಿರ ಬೆರಳಾಡಿಸಿ ನೋಡು, ತಗ್ಗು ಸಿಗುತ್ತದೆ. ಅದು ನಿಮ್ಮ ಮಾವ ಚಿಕ್ಕವನಿದ್ದಾಗ ಕೆಡವಿ ಅಜ್ಜಿ ಹತ್ತಿರ ಬೈಸಿಕೊಂಡ ತಗ್ಗು ಅಂತ ನಿಮ್ಮಮ್ಮ ಹೇಳುತ್ತಾಳೆ. ನಂಬಬೇಡ.

ಬಣ್ಣದ ಬಟ್ಟಲು ಕವುಚಿ ಹಾಕಿದ್ದಾಯಿತು, ಕುಂಚ ತೊಳೆದು ಗೂಟಕ್ಕೆ ಸಿಕ್ಕಿಸಿದ್ದಾಯಿತು, ಕತೆಯೂ ಮುಗೀತು. ನಿದ್ದೆ ಬಂತಾ? ಬಂದೇ ಬಿಟ್ಟಿತು. ಅಜ್ಜಿಯ ಹಾಗೇ, ಅರ್ಧಕ್ಕೇ.